ಅಲ್ಲಾಡದ ಮೇಜಿಗಾಗಿ ಅಲೆದದ್ದು

ಮನೆಯಲ್ಲಿ ಗರಗಸ, ಉಳಿ ಇಟ್ಟುಕೊಂಡ ಗಂಡಸಿಗೆ ಹೊರಗಿನ ಶತ್ರುಗಳು ಬೇಕಾಗಿಲ್ಲ. ತನ್ನ ಪಾಡಿಗೆ ತಾನು ಒಂದು ಹಲಗೆ ಕೊಯ್ಯಲು ಕೂತರೂ ಏನಾದರೊಂದು ಆಗಿಯೇ ತೀರುತ್ತದೆ. ನನಗಂತೂ ಏಳೆಂಟು ವರ್ಷದಿಂದ ಆಗುತ್ತಲೇ ಇದೆ.

ನಾನು ಹಾಸನದ ಕಡೆಯವನು. ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿ ಅಳತೆ ವಿಭಾಗದ ನೌಕರ. ತಲೆಗೂದಲಿನ ದಪ್ಪವನ್ನು ನೂರು ಭಾಗ ಮಾಡಿ ಅಳೆಯುವುದು ನನ್ನ ಕೆಲಸ. ಮೊದಲು ಕೊಚ್ಚಿಯಲ್ಲಿದ್ದೆ, ಈಗ ತಿರುವನಂತಪುರದಲ್ಲಿದ್ದೇನೆ. ಎರಡೂ ಊರಿನಲ್ಲಿ ನಾನು ಹುಡುಕಿದ್ದು ಒಂದೇ ವಸ್ತುವನ್ನು: ಮರಗೆಲಸ ಮಾಡಲು ಒಂದು ಗಟ್ಟಿ ಮೇಜು. ಬೆಲೆ ಕೈಗೆಟಕುವಂತಿರಬೇಕು, ಕೆಲಸ ಮಾಡುವಾಗ ಅಲ್ಲಾಡಬಾರದು. ನನ್ನ ಆಸೆ ಇದಕ್ಕಿಂತ ದೊಡ್ಡದೇನಲ್ಲ.

ಸಾರು ಇಳಿಯುವ ಜಾಗ

ನಮ್ಮಪ್ಪ ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರಾಗಿದ್ದರು. ಅವರ ಉಪಕರಣಗಳ ಪೆಟ್ಟಿಗೆ ನನಗೆ ಬಂತು. ಅದರ ಜೊತೆಗೆ, ರಜೆ ಬಂದರೆ ಕೈ ತುರಿಸುವ ಕಾಯಿಲೆಯೂ ಬಂತು.

ಕೊಚ್ಚಿಯ ತ್ರಿಪ್ಪುಣಿತ್ತುರದಲ್ಲಿ ನಾವಿದ್ದದ್ದು ಮೂರನೇ ಮಹಡಿಯ ಫ್ಲ್ಯಾಟು. ಒಂದು ಭಾನುವಾರ ಚಪ್ಪಲಿ ಸ್ಟ್ಯಾಂಡ್ ಮಾಡೋಣವೆಂದು ಹಲಗೆಯನ್ನು ಊಟದ ಮೇಜಿನ ಮೇಲಿಟ್ಟು, ಮೊಣಕಾಲಿನಿಂದ ಒತ್ತಿ ಹಿಡಿದು ಗರಗಸ ಎಳೆದೆ. ಹಲಗೆ ಬೆಣ್ಣೆಯ ಹಾಗೆ ಕೊಯ್ದುಕೊಂಡು ಹೋಯಿತು. ಇಷ್ಟು ಸಲೀಸಾಗಿ ಕೈ ಓಡುತ್ತಿದೆಯಲ್ಲ ಎಂದು ನನಗೇ ಹೆಮ್ಮೆಯಾಯಿತು. ಹಲಗೆ ಎತ್ತಿ ನೋಡಿದರೆ ಕೆಳಗಿದ್ದ ಮೇಜಿನ ಅಂಚೂ ಒಂದು ಗೇಣು ಸೀಳಿತ್ತು. ಅದು ನನ್ನ ಹೆಂಡತಿಯ ತವರಿನವರು ಕೊಟ್ಟ ಮೇಜು.

ಅವಳು ಕೂಗಾಡಲಿಲ್ಲ. ಮಧ್ಯಾಹ್ನ ಮಾಮೂಲಿನಂತೆ ಬಡಿಸಿದಳು. ನನ್ನ ತಟ್ಟೆಯಿಂದ ಚೆಲ್ಲಿದ ಸಾರು ಸೀಳಿನಲ್ಲಿ ಇಳಿದು ಪಂಚೆಯ ಮೇಲೆ ತೊಟ್ಟಿಕ್ಕತೊಡಗಿತು. ನಾನು ಕುರ್ಚಿ ಸರಿಸಲು ಹೋದೆ.

"ಸರೀಬೇಡಿ. ಇನ್ಮೇಲೆ ಅದೇ ನಿಮ್ ಜಾಗ," ಅಂದಳು. "ಇನ್ನೊಂದು ವಿಷ್ಯ. ಕೆಲಸಕ್ಕೆ ಅಂತ ಬೇರೆ ಮೇಜು ಮಾಡ್ಕೊಳ್ಳಿ. ಇಲ್ಲ ಅಂದ್ರೆ ಮುಂದಿನ ಸಲ ಊರಿಗೆ ಹೋದಾಗ ಆ ಪೆಟ್ಟಿಗೆ ಅಲ್ಲೇ ಬಿಟ್ಟು ಬರ್ತೀವಿ."

ಅಂದರೆ ಅಪ್ಪನ ಪೆಟ್ಟಿಗೆ ಊರಿನ ಅಟ್ಟ ಸೇರಿದಂತೆಯೇ. ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಸಾರು ಮಾತ್ರ ಇಳಿಯುತ್ತಲೇ ಇತ್ತು.

ಮೇಜಿಗೊಂದು ಮೇಜು

ಮರುದಿನವೇ ಆನ್‌ಲೈನಿನಲ್ಲಿ ಒಂದು ಮಡಚುವ ಮೇಜು ತರಿಸಿದೆ. ಚಿತ್ರದಲ್ಲಿ ಒಬ್ಬ ದಾಂಡಿಗ ಅದರ ಮೇಲೆ ಕಬ್ಬಿಣ ಬಡಿಯುತ್ತಿದ್ದ. ಬಂದದ್ದು ತೆಳ್ಳಗಿನ ಪೆಟ್ಟಿಗೆ. ಒಳಗೆ ನಲವತ್ತು ಚಿಲ್ಲರೆ ತುಂಡುಗಳು, ಒಂದು ಪೊಟ್ಟಣ ಸ್ಕ್ರೂಗಳು, ಜೋಡಿಸುವ ವಿಧಾನ ತಿಳಿಸುವ ಒಂದು ಹಾಳೆ. ಹಾಳೆಯಲ್ಲಿ ಮೊದಲನೇ ಸೂಚನೆ ಹೀಗಿತ್ತು: "ಎಲ್ಲ ಭಾಗಗಳನ್ನೂ ಗಟ್ಟಿಯಾದ, ಸಮತಟ್ಟಾದ ಮೇಜಿನ ಮೇಲೆ ಹರಡಿಕೊಳ್ಳಿ."

ನಾನು ಊಟದ ಮೇಜಿನ ಕಡೆ ನೋಡಿದೆ. ಹೆಂಡತಿ ನನ್ನ ಕಡೆ ನೋಡಿದಳು. ನೆಲದ ಮೇಲೆಯೇ ಹರಡಿಕೊಂಡೆ.

ಸಂಜೆಯೊಳಗೆ ಮೇಜು ಎದ್ದು ನಿಂತಿತು. ನಮ್ಮ ಮಗಳು ಒಂದು ಬೆರಳಿನಿಂದ ಅದನ್ನು ತಳ್ಳಿ ನೋಡಿ, "ಅಪ್ಪಾ, ಶರಿಯಾವಿಲ್ಲ," ಅಂದಳು. ಸರಿಹೋಗುವುದಿಲ್ಲ ಎಂದರ್ಥ. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಮಲಯಾಳ. ನಾನು ಅವಳ ಮಾತಿಗೆ ಬೆಲೆ ಕೊಡದೆ ಹಲಗೆಯೊಂದನ್ನು ಬಿಗಿದು, ಮರ ನುಣುಪು ಮಾಡುವ ತೋಪಡಾ ಹಿಡಿದು ಜೋರಾಗಿ ಉಜ್ಜಿದೆ. ತೋಪಡಾ ಮುಂದಕ್ಕೆ ಹೋದಾಗ ಹಲಗೆಯೂ ಹೋಯಿತು, ಹಲಗೆಯ ಜೊತೆ ಮೇಜೂ ಹೋಯಿತು. ಹಾಲ್‌ನಲ್ಲಿ ಶುರುವಾದ ಕೆಲಸ ಮುಗಿಯುವಷ್ಟರಲ್ಲಿ ನಾವೆಲ್ಲ ಬಾಲ್ಕನಿಯಲ್ಲಿದ್ದೆವು.

ನನ್ನನ್ನು ಮಗನೆಂದೇ ಕರೆಯುವ ಕೆಳಗಿನ ಮನೆಯ ಅಜ್ಜಿ ಮೇಲೆ ಬಂದರು. "ಮೋನೇ, ಮನೆ ಖಾಲಿ ಮಾಡ್ತಿದ್ದೀರಾ? ಸಾಮಾನು ಎಳೆಯೋ ಸದ್ದು ಕೇಳಿಸ್ತು. ಪಾಪ, ಒಳ್ಳೇ ಜನ ಇದ್ರಿ," ಎಂದು ಬೀಳ್ಕೊಡುಗೆಗೆ ಒಂದು ಡಬ್ಬಿ ಹಲಸಿನ ಚಿಪ್ಸ್ ಕೊಟ್ಟು ಹೋದರು. ವಾಪಸ್ ಕೊಡುವುದು ಮರ್ಯಾದೆಯಲ್ಲವೆಂದು ತಿಂದೆವು.

ಮಾರಾಟಕ್ಕಿಲ್ಲ

ಹೊಸದು ಬೇಡ, ಹಳೆಯ ಕಾಲದ ಗಟ್ಟಿ ಮಾಲು ನೋಡು ಎಂದು ಸಹೋದ್ಯೋಗಿಯೊಬ್ಬ ಹೇಳಿದ. ಏಲೂರಿನ ಕಾರ್ಖಾನೆಗಳ ಕಡೆ ಗುಜರಿ ಅಂಗಡಿಗಳಿವೆ. ಸತತ ನಾಲ್ಕು ಶನಿವಾರ ಅಲೆದೆ. ತುಕ್ಕು ಹಿಡಿದ ಬೀರು, ಮೂರು ಕಾಲಿನ ಕುರ್ಚಿ, ಯಾರೋ ಹೆಸರು ಕೆತ್ತಿದ ಶಾಲೆಯ ಬೆಂಚು, ಎಲ್ಲ ಕಂಡವು. ಐದನೇ ಶನಿವಾರ ಒಂದು ಅಂಗಡಿಯ ಹಿಂಭಾಗದಲ್ಲಿ ನನ್ನ ಕನಸಿನ ಮೇಜು ಕಂಡಿತು. ತೊಡೆ ದಪ್ಪದ ಮರದ ಕಾಲುಗಳು, ನಾಲ್ಕು ಬೆರಳು ದಪ್ಪದ ಹಲಗೆ. ಎರಡೂ ಕೈಯಿಂದ ನೂಕಿದೆ, ಜಗ್ಗಲಿಲ್ಲ.

ಅಂಗಡಿಯವನು ನನ್ನ ಪರದಾಟ ನೋಡಿ ನಕ್ಕ. ಮೇಜು ಹತ್ತಿ ನಿಂತ. ತನ್ನ ಇಬ್ಬರು ಕೆಲಸದವರನ್ನೂ ಹತ್ತಿಸಿಕೊಂಡ. ಮೂವರೂ ಅದರ ಮೇಲೆ ನಿಂತೇ ಹಾಲಿಲ್ಲದ ಕಟ್ಟನ್ ಚಾಯ ಕುಡಿದರು. ಲೋಟದಲ್ಲಿದ್ದ ಚಹಾ ಕೂಡ ಅಲುಗಲಿಲ್ಲ.

"ಎಷ್ಟಕ್ಕೆ ಕೊಡ್ತೀರಿ?" ಎಂದೆ, ಆಸೆ ಮುಚ್ಚಿಟ್ಟುಕೊಳ್ಳಲು ಆಗದೆ.

"ಯಾವುದು, ಇದಾ?" ಆತ ಕೆಳಗಿಳಿದು ಮೇಜಿನ ಬೆನ್ನು ಸವರಿದ. "ಇದು ಮಾರೋದಲ್ಲ ಸಾರೇ. ಇದು ನನ್ನ ಕೆಲಸದ ಮೇಜು. ಇಂಥದ್ದು ಹುಡುಕೋಕೆ ನನಗೆ ಹನ್ನೊಂದು ವರ್ಷ ಹಿಡೀತು."

"ಮತ್ತೆ ಹತ್ತಿ ನಿಂತು ತೋರಿಸಿದ್ದು ಯಾಕೆ?"

"ನೀವು ಅಷ್ಟು ಪ್ರೀತಿಯಿಂದ ನೋಡ್ತಿದ್ರಲ್ಲ, ಅದಕ್ಕೆ."

ಆಶಾರಿಯ ಲೆಕ್ಕ

ಊರಿಗೆ ಹೊರಟಾಗಲೆಲ್ಲ ಪೆಟ್ಟಿಗೆಯ ಮಾತು ಏಳುತ್ತಿತ್ತು, ನಾನು ವಾಯಿದೆ ಕೇಳುತ್ತಿದ್ದೆ; ಹೀಗೇ ಆರೇಳು ವರ್ಷ ಕಳೆದು ತಿರುವನಂತಪುರಕ್ಕೆ ವರ್ಗವಾಯಿತು. ಉಳ್ಳೂರಿನಲ್ಲಿ ಬಾಡಿಗೆಗೆ ಮನೆ ಸಿಕ್ಕಿತು. ಮೇಲೆ ಮನೆಯೊಡತಿ, ನಿವೃತ್ತ ಟೀಚರಮ್ಮ. ಕೆಳಗೆ ನಾವು. ಕಾರಿಲ್ಲದ ನಮಗೆ ಕಾರು ನಿಲ್ಲಿಸುವ ಜಾಗ ಖಾಲಿ ಉಳಿಯಿತು. ಇಲ್ಲಿಯಾದರೂ ಮೇಜು ಮಾಡಿಸಿಯೇ ಬಿಡೋಣವೆಂದು ಒಬ್ಬ ಹಿರಿಯ ಆಶಾರಿಯನ್ನು, ಅಂದರೆ ಬಡಗಿಯನ್ನು ಕರೆಸಿದೆ.

ನಾನು ನಕ್ಷೆ ಬರೆದಿಟ್ಟಿದ್ದೆ. ಉದ್ದ, ಅಗಲ, ಎತ್ತರ ಎಲ್ಲ ಮಿಲಿಮೀಟರಿನಲ್ಲಿ. ಆತ ಕನ್ನಡಕ ಏರಿಸಿಕೊಂಡು ನೋಡಿ, ಸುತ್ತಳತೆ ಕೂಡಿಸಿ, ಬೆರಳು ಮಡಚಿ, ಏನೋ ಭಾಗಿಸಿದ. ತಲೆಯಾಡಿಸಿದ.

"ಈ ಸುತ್ತಳತೆ ಆಗಲ್ಲ ಸಾರೇ. ಮನೆ ಯಜಮಾನನಿಗೆ ಒಳ್ಳೇದಲ್ಲ."

"ಇದು ಮನೆ ಅಲ್ಲ, ಮೇಜು."

"ಮನೆ ಒಳಗೇ ತಾನೇ ಇರೋದು?"

ಎರಡು ಅಂಗುಲ ಕಡಿಮೆ ಮಾಡಿದೆ. ಅದು ಯಜಮಾನನ ಹೆಂಡತಿಗೆ ಒಳ್ಳೆಯದಲ್ಲವಂತೆ. ನಾಲ್ಕು ಅಂಗುಲ ಹೆಚ್ಚಿಸಿದೆ. ಆತನ ಮುಖ ಅರಳಿತು. "ಇದು ಬಹಳ ಶ್ರೇಷ್ಠವಾದ ಅಳತೆ. ಆದರೆ ತೊಟ್ಟಿಲಿಗೆ." ಆಫೀಸಿನಲ್ಲಿ ನನ್ನ ಅಳತೆಯನ್ನು ಪ್ರಶ್ನಿಸುವವರಿಲ್ಲ. ಇಲ್ಲಿ ನನ್ನದೇ ನಕ್ಷೆ ಹಿಡಿದುಕೊಂಡು ಪರೀಕ್ಷೆಯಲ್ಲಿ ಫೇಲಾದ ಹುಡುಗನಂತೆ ನಿಂತಿದ್ದೆ.

ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಹೆಂಡತಿ ಮೆಲ್ಲನೆ, "ಆಶಾರಿ, ಒಳಗೆ ನಮ್ಮ ಮಂಚ ಇದೆ. ಅದರ ಅಳತೇನೂ ಒಂಚೂರು ನೋಡ್ತೀರಾ?" ಅಂದಳು. ಆತ ಒಳಗೆ ಹೋಗಿ ಟೇಪು ಹಿಡಿದು, ಎರಡೆರಡು ಸಲ ಬೆರಳು ಮಡಚಿ ಎಣಿಸಿದ. ಆಮೇಲೆ ನನ್ನನ್ನು ಕನಿಕರದಿಂದ ನೋಡಿದ.

"ಸಾರೇ, ಮೇಜು ನಿಧಾನವಾಗಿ ಮಾಡೋಣ."

ಆ ತಿಂಗಳು ನಮ್ಮ ಮನೆಗೆ ಹೊಸ ಮಂಚ ಬಂತು.

ತುದಿಯಲ್ಲೊಂದು ತೂತು

ಮಂಚ ಕೊಟ್ಟು ಹೋಗುವ ದಿನ ಆಶಾರಿಗೇ ಬೇಜಾರಾಯಿತೇನೋ, ಒಂದು ದಾರಿ ಹೇಳಿದ. ಊರಾಚೆ ಬಾಗಿಲು ಮುಚ್ಚಿದ ಹಳೆಯ ಕಟ್ಟಡವೊಂದರ ಸಾಮಾನು ಮಾರುತ್ತಿದ್ದಾರೆ, ಅಲ್ಲೊಂದು ಗಟ್ಟಿ ಮರದ್ದು ಬಿದ್ದಿದೆ, ತಗೊಳ್ಳೋರಿಲ್ಲ, ಅಳತೆಯೂ ಶುಭ.

ಹೋಗಿ ನೋಡಿದೆ. ನಿಂತಲ್ಲೇ ನಿಂತುಬಿಟ್ಟೆ. ಆಳುದ್ದಕ್ಕಿಂತ ಉದ್ದ, ಒಂದೇ ಮರದ ದಿಮ್ಮಿಯಿಂದ ಕಡೆದದ್ದು, ಎಷ್ಟೋ ಕಾಲದ ಎಣ್ಣೆ ಹೀರಿ ಕಪ್ಪಾಗಿ ಮಿರುಗುತ್ತಿತ್ತು. ಕೆಳಗೆ ನಾಲ್ಕು ದಪ್ಪ ಕಾಲು, ಸುತ್ತ ಒಂದು ಎತ್ತರದ ಅಂಚು, ತುದಿಯಲ್ಲಿ ಒಂದು ತೂತು. ಅಂಚಿನ ಮೇಲೆ ದಪ್ಪ ಪ್ಲೈವುಡ್ ಕೂರಿಸಿದರೆ ಸಮತಟ್ಟಾಗುತ್ತದೆ, ತೂತಿನಿಂದ ಮರದ ಪುಡಿ ಗುಡಿಸಿ ಹಾಕಬಹುದು, ಎಂಥ ದೂರದೃಷ್ಟಿಯ ಬಡಗಿ ಮಾಡಿದ್ದಪ್ಪಾ ಎಂದುಕೊಂಡೆ. ಬೆಲೆ ನಾನು ತಂದಿದ್ದ ಮಡಚುವ ಮೇಜಿಗಿಂತ ಕಡಿಮೆ.

ಆರು ಜನ ಹೊತ್ತು ಉಳ್ಳೂರಿನ ನಮ್ಮ ಬೀದಿಯಲ್ಲಿ ಹಾಡುಹಗಲೇ ತಂದು ಕಾರಿನ ಜಾಗದಲ್ಲಿ ಇಳಿಸಿದರು. ಇಡೀ ಬೀದಿ ಗೇಟಿಗೆ ಬಂದು ನೋಡಿತು. ಅವತ್ತು ಸಂಜೆ ಹಲಗೆ ಬಿಗಿದು ತೋಪಡಾ ಓಡಿಸಿದೆ. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಸುರುಳಿ ಸುರುಳಿಯಾಗಿ ಮರದ ತೆಳು ಸಿಪ್ಪೆ ಎದ್ದಿತು. ಅಪ್ಪ ಇರಬೇಕಿತ್ತು ಅನ್ನಿಸಿ ಕಣ್ಣು ತುಂಬಿಕೊಂಡವು. ಹೆಂಡತಿ ನೋಡಿದಳು, ಪೆಟ್ಟಿಗೆಯ ಮಾತು ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದರೆ ಜಗಲಿಯ ಮೇಲೆ ಮೂವರು ಹಿರಿಯರು. ಕೈಯಲ್ಲಿ ಟವೆಲು, ಎಣ್ಣೆ ಬಾಟಲಿ. ಒಬ್ಬರಿಗೆ ಮಂಡಿ, ಒಬ್ಬರಿಗೆ ಸೊಂಟ, ಒಬ್ಬರಿಗೆ ಎರಡೂ. ಆಗ ತಿಳಿಯಿತು, ನಾನು ತಂದದ್ದು ಎಣ್ಣತ್ತೋಣಿ. ರೋಗಿಯನ್ನು ಮಲಗಿಸಿ ಆಯುರ್ವೇದದ ಎಣ್ಣೆ ತಿಕ್ಕುವ ಹಲಗೆ. ತೂತು ಎಣ್ಣೆ ಬಸಿದುಹೋಗಲು. ಆ ಹಳೆಯ ಕಟ್ಟಡ ಒಂದು ವೈದ್ಯಶಾಲೆ. ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಸಂಗತಿ, ಹಾಸನದವನಿಗೆ ಗೊತ್ತಿರಲಿಲ್ಲ, ಅಷ್ಟೇ. ನನಗೆ ಗೊತ್ತೇ ಇದೆ ಎಂದುಕೊಂಡು ಆಶಾರಿ ಬಾಯಿಬಿಟ್ಟಿರಲಿಲ್ಲ.

"ನಾನು ವೈದ್ಯ ಅಲ್ಲ, ಇದರ ಮೇಲೆ ಸ್ಟೂಲು ಮಾಡ್ತೀನಿ," ಎಂದು ಕೈಮುಗಿದೆ.

ಸೊಂಟನೋವಿನವರು ಉಳಿದಿಬ್ಬರ ಕಡೆ ತಿರುಗಿ, "ನೋಡಿದ್ರಾ? ನಿಜವಾದ ಕೈಗುಣ ಇರೋರು ಯಾವತ್ತೂ ಒಪ್ಪಿಕೊಳ್ಳಲ್ಲ," ಅಂದರು.

ಅವರನ್ನು ಹೇಗೋ ಸಾಗಹಾಕಿದೆ. ಆದರೆ ಮೇಲಿನ ಟೀಚರಮ್ಮನಿಗೆ ಬೇಡ ಎನ್ನುವ ಧೈರ್ಯ ಯಾರಿಗಿದೆ? ನಾನು ಆಫೀಸಿಗೆ ಹೋದ ಮೇಲೆ ಪ್ಲೈವುಡ್ ಸರಿಸಿ, ದಿನಾ ಅರ್ಧ ಗಂಟೆ ಸುಮ್ಮನೆ ಮಲಗಿ ಹೋಗುತ್ತಿದ್ದರು. ವಾರದಲ್ಲಿ ಬೆನ್ನು ನೋವು ಹೋಯಿತಂತೆ. ಅದನ್ನು ಅವರು ದೇವಸ್ಥಾನದಲ್ಲಿ, ಲೈಬ್ರರಿಯಲ್ಲಿ, ಮೀನಿನವನ ಹತ್ತಿರ, ಎಲ್ಲ ಕಡೆ ಹೇಳಿದರು.

ಕೊನೆಯ ತಪಾಸಣೆ

ಮೂರನೇ ವಾರ ಆಫೀಸಿನಲ್ಲಿ ನನಗೊಂದು ಮೆಮೊ ಬಂತು. ಸರ್ಕಾರಿ ನೌಕರನಾಗಿದ್ದೂ ಮನೆಯಲ್ಲಿ ಖಾಸಗಿ ಚಿಕಿತ್ಸಾಲಯ ನಡೆಸುತ್ತಿದ್ದೀರೆಂದು ಸಹಿ ಇಲ್ಲದ ದೂರು ಬಂದಿದೆ, ಶನಿವಾರ ಅಧಿಕಾರಿಯೊಬ್ಬರು ಸ್ಥಳಕ್ಕೆ ಬಂದು ಪರಿಶೀಲಿಸುತ್ತಾರೆ.

ಮೆಮೊ ತಂದು ಹೆಂಡತಿಗೆ ತೋರಿಸಿದೆ. "ಕೆಲಸಕ್ಕೇ ಸಂಚಕಾರ ತಂದ್ಕೊಂಡ್ರಲ್ಲ! ಅದನ್ನ ಮೊದಲು ಮಾರಿ," ಎಂದು ಪಟ್ಟು ಹಿಡಿದಳು. ಏಳೆಂಟು ವರ್ಷ ಹುಡುಕಿ ಸಿಕ್ಕ ಮೇಜನ್ನು ಮೂರೇ ವಾರಕ್ಕೆ ಕೊಟ್ಟುಬಿಡುವುದೇ? ಶನಿವಾರದವರೆಗೆ ತಡಿ ಎಂದೆ.

ಟೀಚರಮ್ಮನ ಕಾಲಿಗೆ ಬೀಳುವುದೊಂದು ಬಾಕಿ, ಅವತ್ತು ಕೆಳಗಿಳಿಯಬೇಡಿ ಎಂದು ಬೇಡಿಕೊಂಡೆ. ಮೇಜಿನ ತುದಿಗೆ, ಹಲಗೆ ಕಚ್ಚಿ ಹಿಡಿಯುವ ಕಬ್ಬಿಣದ ವೈಸ್ ಬಿಗಿದೆ. ಉಳಿ, ಸುತ್ತಿಗೆ, ಗರಗಸ ಗೋಡೆಯ ಬದಿಗೆ ಸಾಲಾಗಿ ಜೋಡಿಸಿದೆ. ಮರದ ಪುಡಿ ಸಾಲದೆಂದು ಮಿಲ್ಲಿನಿಂದ ಒಂದು ಚೀಲ ತಂದು ಸುತ್ತಲೂ ಚೆಲ್ಲಿದೆ.

ಅಧಿಕಾರಿ ಹತ್ತು ಗಂಟೆಗೆ ಬಂದರು. ಆಟೋದಿಂದ ಇಳಿಯಲು ಎರಡು ನಿಮಿಷ ತೆಗೆದುಕೊಂಡರು. ಒಂದು ಕೈಯಲ್ಲಿ ಫೈಲು, ಇನ್ನೊಂದು ಕೈ ಸೊಂಟದ ಮೇಲೆ. ಮುಖ ಗಂಟಿಕ್ಕಿಕೊಂಡಿತ್ತು.

"ಇದೇನಾ ಅದು?"

"ಮರಗೆಲಸದ ಮೇಜು ಸರ್."

ಪ್ಲೈವುಡ್ ಎತ್ತಿಸಿದರು. ಅಂಚು ನೋಡಿದರು. ತೂತಿನೊಳಗೆ ಬೆರಳಿಟ್ಟು ಮೂಸಿದರು. ವೈಸಿಗೆ ಹಲಗೆ ಬಿಗಿದು ತೋಪಡಾ ಓಡಿಸಿ ತೋರಿಸಿದೆ. ಮೇಜು ಅಲ್ಲಾಡಲಿಲ್ಲ, ನನ್ನ ಮೊಣಕಾಲು ಅಲ್ಲಾಡುತ್ತಿದ್ದವು.

"ಗಟ್ಟಿ ಇದೆಯಾ?"

"ತುಂಬಾ ಗಟ್ಟಿ ಸರ್."

"ನೀವು ಹೇಳಿದರೆ ಆಗಲ್ಲ. ನಾನು ಪರೀಕ್ಷಿಸಿಯೇ ಬರೀಬೇಕು," ಎಂದವರು ಹಲಗೆ ಬಿಚ್ಚಿಸಿ, ಕನ್ನಡಕ ತೆಗೆದು, ಬೂಟು ಬಿಚ್ಚಿ, ಮೆಲ್ಲನೆ ಹತ್ತಿ ಮಲಗಿದರು. "ಆಹ್," ಎಂದರು. ಐದು ನಿಮಿಷಕ್ಕೆ ಗೊರಕೆ ಶುರುವಾಯಿತು. ಹೆಂಡತಿ ಚಹಾ ತಂದವಳು ನೋಡಿ, ಲೋಟದ ಮೇಲೆ ಮುಚ್ಚಳ ಮುಚ್ಚಿ ಒಳಗೆ ಹೋದಳು. ನಾನು ಮೆಮೊ ಹಿಡಿದುಕೊಂಡು ನೊಣ ಓಡಿಸುತ್ತಾ ನಿಂತೆ.

ಮುಕ್ಕಾಲು ಗಂಟೆಯ ಮೇಲೆ ಎದ್ದರು. ಎರಡೂ ಕೈ ಬಿಟ್ಟು ನೆಟ್ಟಗೆ ನಿಂತರು. ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ನಡೆದರು. ಫೈಲು ಬಿಚ್ಚಿ ಗಂಭೀರವಾಗಿ ಬರೆದು, ನನಗೂ ಓದಿ ಹೇಳಿದರು: "ಸ್ಥಳದಲ್ಲಿರುವುದು ಬಡಗಿಯ ಮೇಜು. ಬೇರಾವ ಉದ್ದೇಶಕ್ಕೂ ಇದನ್ನು ಬಳಸುತ್ತಿರುವುದು ಕಂಡುಬಂದಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ನಿಜವಾಗಿಯೂ ಅಳು ಬಂದಿತ್ತು.

"ಆದರೆ ಇಂಥ ವಿಷಯದಲ್ಲಿ ಒಂದೇ ತಪಾಸಣೆಗೆ ಫೈಲು ಮುಚ್ಚೋದು ಸರಿಯಲ್ಲ," ಎಂದರು ಬೂಟಿನ ದಾರ ಕಟ್ಟಿಕೊಳ್ಳುತ್ತಾ. "ಇನ್ನು ಆರು ಶನಿವಾರ ಬರ್ತೀನಿ. ಆ ವೈಸ್ ಒಂದು ತೆಗೆದಿಡಿ. ಕಾಲಿಗೆ ತಾಗುತ್ತೆ."