ನ್ಯಾವಿರಾ ಅಜ್ಜಿಯ ತಿರಸ್ಕೃತ ಹಾಲು

ದೇವರ ಕೃಪೆಯಿಂದ, ನೈರೋಬಿಗೆ ಹಾಲು ಕಳಿಸುವ ನಮ್ಮ ಗುಡ್ಡದ ಸಂಘದಲ್ಲಿ, ಹಾಲು ಪರೀಕ್ಷಿಸುವ ಕಾಗದದ ಪಟ್ಟಿ ಬರುವವರೆಗೆ ಯಾವ ವಿಷವೂ ಇರಲಿಲ್ಲ.

ಪಟ್ಟಿಯನ್ನು ಹಾಲಿಗೆ ಅದ್ದಬೇಕು. ಎರಡು ಗೆರೆ ಮೂಡಿದರೆ ಶುದ್ಧ. ಒಂದೇ ಮೂಡಿದರೆ ಬೂಷ್ಟಿನ ವಿಷ. ಮೊದಲ ದಿನ ನಲವತ್ತೊಂದು ಕ್ಯಾನಿಗೂ ಒಂದೇ ಗೆರೆ. ಇದರಲ್ಲಿ ನಾನು ಕರ್ತನ ಸಮದೃಷ್ಟಿಯನ್ನು ಕಂಡೆ. ವಿಷ ಎಲ್ಲರಲ್ಲೂ ಸಮನಾಗಿರುವುದರಿಂದ ಅದೇ ಸಂಘದ ಗುಣಮಟ್ಟವೆಂದು ಠರಾವಾಯಿತು. ಕಾರ್ಯದರ್ಶಿಯೂ ಚರ್ಚಿನ ಸಭಾಹಿರಿಯನೂ ಆದ ನಾನೇ ಬರೆದೆ. ಅಕ್ಷರಗಳು ದುಂಡಗೆ ಬಂದವು.

ಕಾರಣ ಗುಟ್ಟೇನಲ್ಲ. ಮಳೆಗೆ ನೆನೆದು ಬೂಷ್ಟು ಹಿಡಿದು 'ಉಗಾಲಿ ಮುದ್ದೆಗೆ ಅಯೋಗ್ಯ' ಎಂದು ಮೊಹರು ಬಿದ್ದ ಮೆಕ್ಕೆಜೋಳವನ್ನು ಅಧ್ಯಕ್ಷ ಗಿಚೂಕಿಯವರು ಹಸುಗಳಿಗೆಂದು ತರಿಸಿದ್ದರು. ಕಾಳು ಎಸೆಯುವುದು ಪಾಪ.

ನ್ಯಾವಿರಾ ಅಜ್ಜಿಯದೊಂದೇ ತಕರಾರು. "ಅಲ್ವೋ ಗಿಚೂಕಿ, ನಾವು ತಿನ್ನಬಾರದ್ದು ಹಸು ಹೊಟ್ಟೆ ಸುತ್ಕೊಂಡು ನಮ್ಮ ಟೀಗೇ ಬರುತ್ತಲ್ಲೋ! ನನ್ನ ಮೊಮ್ಮಗಳು ತಾಯಿಲ್ಲದ ಕೂಸು. ಹಾಲು ಬಿಟ್ರೆ ಅದಕ್ಕೇನು ಗತಿ?"

"ಹಸು ಸೋಸಿಯೇ ಕೊಡೋದು ಅಜ್ಜಿ. ಅದಕ್ಕೆ ನಾಲ್ಕು ಹೊಟ್ಟೆ ಯಾಕಿದೆ ಅಂದ್ಕೊಂಡ್ರಿ?"

"ನಿಂಗೆ ಒಂದೇ ಇದ್ರೂ ಎಷ್ಟು ಹಿಡಿಸುತ್ತಪ್ಪಾ!"

ಅಜ್ಜಿ ತನ್ನ ಹಸುವಿಗೆ ಬರೀ ಹಸಿ ಹುಲ್ಲು ಹಾಕಿದಳು. ವಾರದಲ್ಲಿ ಅವಳ ಹಾಲಿಗೆ ಎರಡು ಗೆರೆ ಮೂಡಿ ಸಮಿತಿ ಗಾಬರಿಯಾಯಿತು. ಗುಣಮಟ್ಟಕ್ಕೆ ಹೊಂದದ ಹಾಲನ್ನು ಕಲಬೆರಕೆಯೆಂದು ತಿರಸ್ಕರಿಸಿದೆವು. ಅಜ್ಜಿ ಕ್ಯಾನು ಹೊತ್ತು ಹಿಂತಿರುಗಿದಳು. ಕೂಸು ಕುಡಿದು ದುಂಡಗಾಯಿತು.

ಮರುವಾರ ಅಧ್ಯಕ್ಷರ ಹೆಂಡತಿ ತಂಬಿಗೆ ಹಿಡಿದು ಅವಳ ಬಾಗಿಲಿಗೆ ಬಂದರು. "ಅಜ್ಜಿ, ಆ ತಿರಸ್ಕಾರದ್ದು ಒಂಚೂರು ಇದ್ಯಾ? ಮಕ್ಕಳಿಗೆ."

ಆಮೇಲೆ ಸಮಿತಿಯ ಒಂಬತ್ತೂ ಮನೆಯವರು ಬಂದರು. ನೂಕುನುಗ್ಗಲು ತಪ್ಪಿಸಲು ಪ್ರಾರ್ಥನೆಯೊಂದಿಗೆ ಹೊಸ ಠರಾವು ಮಾಡಿದೆವು: "ಸದರಿ ತಿರಸ್ಕೃತ ಹಾಲು ಸಾರ್ವಜನಿಕರ ಕೈಸೇರದಂತೆ, ಅಷ್ಟನ್ನೂ ಸಮಿತಿಯ ಸದಸ್ಯರು ಕುಟುಂಬಸಮೇತ ಕುಡಿದು ನಾಶಪಡಿಸತಕ್ಕದ್ದು."

"ಹಂಗಾದ್ರೆ ನನ್ನ ಕೂಸಿಗೆ?" ಎಂದಳು ಅಜ್ಜಿ.

"ಸಂಘದ ಹಾಲಿದೆಯಲ್ಲ ತಾಯಿ," ಎಂದೆ ನಾನು ಮೆಲ್ಲಗೆ. "ದಿನಾ ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸ್ತೀನಿ."

"ನೀವು ಕುಡೀತೀರಾ, ಹಿರಿಯರೇ?"

"ಪಾಪಿ ನಾನು. ನನಗೆಲ್ಲಿದೆ ಆ ಯೋಗ್ಯತೆ?"

ಲಾರಿ ನೈರೋಬಿಗೆ ಹೊರಡುವ ಮುನ್ನ ಸಂಘದ ಮೊಹರು ಹಾಕಿದ ಒಂದು ಹಾಲಿನ ಪೊಟ್ಟಣವನ್ನು ಕೂಸಿಗೆಂದು ಉಚಿತವಾಗಿ ಇಳಿಸಿಕೊಟ್ಟೆವು. ಕೂಸು ಅದನ್ನು ಎರಡೂ ಕೈಯಲ್ಲಿ ಹಿಡಿದು ನಕ್ಕಿತು. ಸಭೆಯೆಲ್ಲ ಆಮೆನ್ ಎಂದಿತು. ಸ್ವಲ್ಪ ತಡವಾಗಿ, ಅಜ್ಜಿಯೂ.