ಶೆಟಿವಿ ತಾಯಿಯ ಹಾಳೆ, ನನ್ನ ಅಕ್ಷರ

ಎಳೆಗೂಸಿರುವ ಮನೆಗೆ ಹೋಗಿ ಒಂದು ಸಲವೂ ನಗದೆ ವಾಪಸ್ ಬಂದದ್ದು ನನಗೆ ನೆನಪಿಲ್ಲ. ಕೆ.ಆರ್. ಪುರದಲ್ಲಿ ಆಶಾ ಕಾರ್ಯಕರ್ತೆಯಾಗಿ ಹನ್ನೊಂದು ವರ್ಷವಾಯಿತು. ಹೆರಿಗೆಯಾದ ಮೂರನೇ ದಿನ, ಏಳನೇ ದಿನ, ಹೀಗೆ ನಲವತ್ತೆರಡನೇ ದಿನದವರೆಗೆ ಮನೆಮನೆಗೆ ಹೋಗಿ ಕೂಸಿನ ತೂಕ, ಜ್ವರ, ಉಸಿರು ನೋಡುವುದು ನನ್ನ ಕೆಲಸ. ನಗಿಸುವ ಕೆಲಸ ಆ ಮನೆಯವರದು. ಆದರೆ ಇಲ್ಲಿರುವುದೆಲ್ಲ ಒಂದೇ ಮನೆಯ ಪ್ರಸಂಗಗಳು. ಅಲ್ಲಿ ನಕ್ಕಷ್ಟು ಎಲ್ಲೂ ನಕ್ಕಿಲ್ಲ, ಅಲ್ಲಿಂದ ಬಂದು ಅತ್ತಷ್ಟು ಎಲ್ಲೂ ಅತ್ತಿಲ್ಲ.

ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ವಠಾರ. ಆರು ರೂಮು, ಒಂದು ನಲ್ಲಿ. ಮೂರನೇ ರೂಮಿನಲ್ಲಿ ಯಾದಗಿರಿ ಕಡೆಯ ಸಂಸಾರ. ಗಂಡ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಗಾರ್ಡ್, ಹೆಂಡತಿಗೆ ಇನ್ನೂ ಇಪ್ಪತ್ತೊಂದು, ಜೊತೆಗೆ ಗಂಡನ ತಾಯಿ. ಆಕೆಯನ್ನು ವಠಾರವೆಲ್ಲ ಅಜ್ಜಿ ಅನ್ನುತ್ತಿತ್ತು. ನಾನೂ ಹಾಗೇ ಕರೆಯುತ್ತಿದ್ದೆ.

೧. ತಕ್ಕಡಿ

ಅವರ ಮೊದಲ ಕೂಸು ಹೆಣ್ಣು. ಮೂರನೇ ದಿನ ಹೋಗಿ ಚೀಲದಿಂದ ಜೋಳಿಗೆ ತಕ್ಕಡಿ ತೆಗೆದೆ. ಅಜ್ಜಿ ಅಡ್ಡ ನಿಂತರು.

"ಕೂಸೇನು ಬದ್ನಿಕಾಯೇನವ್ವ, ತಕ್ಕಡ್ಯಾಗ ಹಾಕ್ಲಿಕ್ಕ?"

ತೂಗಲೇಬೇಕು ಅಂತ ಅರ್ಧ ಗಂಟೆ ಗಂಟಲು ಹರಿದುಕೊಂಡ ಮೇಲೆ ಒಂದು ಷರತ್ತಿನ ಮೇಲೆ ಒಪ್ಪಿದರು. "ತೂಗು. ಆದ್ರ ಖರೇ ಹೇಳಬ್ಯಾಡ. ಹೊರಗ ಕಿವಿ ಭಾಳ ಅವ. ದೃಷ್ಟಿ ಆಗ್ತದ."

ತೂಕ ಎರಡು ಕಿಲೋ ಏಳುನೂರು. ಪುಸ್ತಕದಲ್ಲಿ ಹಾಗೇ ಬರೆದುಕೊಂಡೆ. ಬಾಗಿಲ ಕಡೆ ತಿರುಗಿ ಮಾತ್ರ, "ಒಂದೂಮುಕ್ಕಾಲು ಕಿಲೋ ಕಣಜ್ಜಿ!" ಅಂತ ಕೂಗಿದೆ. ಅಜ್ಜಿಯ ಮುಖ ಅರಳಿತು.

ಹತ್ತು ನಿಮಿಷದಲ್ಲಿ ವಠಾರದ ಓನರಮ್ಮ ಒಂದು ಚೊಂಬು ಹಾಲು ಹಿಡಿದುಕೊಂಡು ಓಡಿ ಬಂದರು. ಹಲಸೂರಿನ ತಮಿಳು ಮನೆತನದವರು, ಬಾಯಿ ಜೋರು, ಕರುಳು ಮೆತ್ತಗೆ. "ಅಯ್ಯೋ ಮುರುಗಾ, ಒಂದೂಮುಕ್ಕಾಲಾ!" ಅನ್ನುತ್ತಾ ಕೂಸನ್ನು ಎತ್ತಿಕೊಂಡರು. ಅದರ ಗುಂಡು ಕೆನ್ನೆ ನೋಡಿದರು. ನನ್ನನ್ನು ನೋಡಿದರು.

"ಏನಮ್ಮಾ ಇದು, ಹೊರಗೆ ಇಷ್ಟು ದಪ್ಪ ಇದೆ. ಒಳಗೆ ಏನೂ ಇಲ್ವಾ?"

೨. ಒಳ್ಳೆಯ ಕೂಸು

ಆ ಕೂಸು ಅಳುತ್ತಿರಲಿಲ್ಲ. ನಾಲ್ಕನೇ ದಿನದ ಹೊತ್ತಿಗೆ ವಠಾರದಲ್ಲೆಲ್ಲ ಅದರದ್ದೇ ಹೊಗಳಿಕೆ. ಓನರಮ್ಮ ಪಕ್ಕದ ರೂಮಿನ ತಾಯಂದಿರಿಗೆ ಬುದ್ಧಿ ಹೇಳಿದರಂತೆ: "ನೋಡಿ ಕಲಿತ್ಕೊಳ್ಳಿ. ಮಗು ಅಂದ್ರೆ ಹಿಂಗಿರ್ಬೇಕು. ಇದೆಯೋ ಇಲ್ವೋ ಅಂತ್ಲೇ ಗೊತ್ತಾಗಲ್ಲ."

ಆ ದಿನ ಮಧ್ಯಾಹ್ನ ಮೀಟಿಂಗಿನಲ್ಲಿದ್ದೆ. ಕೂಸಿನ ತಾಯಿ, ಆ ಹುಡುಗಿಯ ಫೋನ್ ಬಂತು.

"ಯಕ್ಕಾ, ಕೂಸು ಭಾಳ ಮಲಗ್ಲಕತ್ತದ ರೀ. ಎದಿ ಹಿಡೀವಲ್ದು."

ನಾನು ಮೇಜಿನ ಕೆಳಗೆ ಬಗ್ಗಿ ಪಿಸುಗುಟ್ಟಿದೆ: "ಮಲಗೋ ಮಗು ಸಿಕ್ಕಿದೆ ಅಂತ ಅಳ್ತಿದ್ದೀಯಾ? ನನ್ನ ಮಗನ್ನ ಕಳಿಸ್ತೀನಿ, ಎರಡು ದಿನ ಇಟ್ಕೊಂಡು ನೋಡು. ಪುಣ್ಯವಂತೆ, ನೀನೂ ಮಲಕ್ಕೋ."

ಪಕ್ಕದಲ್ಲಿದ್ದವರು ಕಿಸಕ್ಕನೆ ನಕ್ಕರು. ಫೋನಿನ ಆ ಕಡೆ ಅವಳೂ ನಕ್ಕಳು.

ಐದನೇ ದಿನ ಕೂಸು ಹಾಲು ಪೂರ್ತಿ ಬಿಟ್ಟಿತು. ಆಸ್ಪತ್ರೆಗೆ ಹೋಗೋಣ ಅಂದಳಂತೆ ಹುಡುಗಿ. ಅಂದು ಐದೇಶಿ. ಶೆಟಿವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುವ ದಿನ. ಅವರ ಕಡೆ ದೇವಿಯ ಮುಂದೆ ಒಂದು ಬಿಳಿ ಹಾಳೆ, ಒಂದು ಹೊಸ ಪೆನ್ನು ಇಡುತ್ತಾರೆ. "ತಾಯಿ ಬರೀಲಿಕ್ಕ ಬಂದಾಗ ಕೂಸು ಮನ್ಯಾಗ ಇರಬೇಕು, ನಾಳಿ ಹೋಗಮು" ಅಂದರು ಅಜ್ಜಿ. ಆರನೇ ದಿನ ಬೆಳಗ್ಗೆ ಹೊರಟರು. ಆಸ್ಪತ್ರೆ ಇನ್ನೂ ದೂರವಿತ್ತು, ಕೂಸು ದಾರಿಯಲ್ಲೇ ಹೋಯಿತು.

ಎಳೆಗೂಸು ಸುಮ್ಮನಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಹಾಲು ಬಿಟ್ಟರೆ, ಅದು ಒಳ್ಳೆಯ ಕೂಸಲ್ಲ, ಕಾಯಿಲೆಯ ಕೂಸು. ಇದನ್ನು ನನಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹತ್ತಾರು ಮನೆಯಲ್ಲಿ ನಾನೇ ಹೇಳಿದ್ದೆ. ಈ ಪ್ರಸಂಗದಲ್ಲಿ ನಗುವ ಮಾತು ಒಂದೇ ಒಂದು, ಅದನ್ನು ಆಡಿದವಳು ನಾನು.

೩. ತೊಂಬತ್ತಾರು

ಎರಡು ವರ್ಷದ ಮೇಲೆ ಅದೇ ರೂಮಿನಲ್ಲಿ ಇನ್ನೊಂದು ಹೆಣ್ಣು ಕೂಸು. ಈ ಸಲ ಆ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಕೂಸು ಸೀನಿದರೆ ಫೋನ್, ಬಿಕ್ಕಳಿಸಿದರೆ ಫೋನ್. ನಾನೂ ಒಂದು ಫೋನನ್ನೂ ಬಿಡಲಿಲ್ಲ. ಸ್ನಾನದ ಮನೆಗೂ ಮೊಬೈಲ್ ಹಿಡಿದುಕೊಂಡೇ ಹೋಗುತ್ತಿದ್ದೆ.

ಮೂರನೇ ದಿನ ಹೋದಾಗ ಅಜ್ಜಿ ಸಂತೆಗೆ ಹೋಗಿದ್ದರು. ಗಂಡ, ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ಯಾವಾಗ ಮನೆಯಲ್ಲಿ ಒಂದು ಗಳಿಗೆಯೂ ಕಾಯಬಾರದು ಅಂತ ಹೇಳಿದೆ. ಬರೆದುಕೊಡೋಣವೆಂದು ಹಾಳೆ ಕೇಳಿದೆ. ಅವಳು ಗೂಡಿನಿಂದ ಒಂದು ಬಿಳಿ ಹಾಳೆ, ಹೊಸ ಪೆನ್ನು ತಂದಳು. ಒಂದು ಗಳಿಗೆ ತಡೆದು, ಆಮೇಲೆ ಕೊಟ್ಟಳು. ನಾನು ಬರೆದೆ: ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಮೈ ತಣ್ಣಗಾದರೆ ಇಲ್ಲವೆ ಸುಡುತ್ತಿದ್ದರೆ, ಉಸಿರಾಡುವಾಗ ಎದೆ ಒಳಕ್ಕೆ ಎಳೆದರೆ, ನಿಮಿಷಕ್ಕೆ ಉಸಿರು ಅರವತ್ತು ಮುಟ್ಟಿದರೆ, ಕಾಯಬೇಡಿ, ಹೊರಡಿ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ಗೂಡಿನಲ್ಲಿಟ್ಟಳು.

ಸಂಜೆ ಅವಳ ಗಂಡನ ಫೋನ್. "ಯಕ್ಕಾ, ತೊಂಬತ್ತಾರು ಆಗ್ಯದ ರೀ!"

ಚಪ್ಪಲಿ ಒಂದು ನನ್ನದು, ಇನ್ನೊಂದು ನನ್ನ ಗಂಡನದು, ಹಾಗೇ ಓಡಿದೆ. ವಠಾರದ ಗೇಟಿನಿಂದಲೇ ಎಣಿಕೆ ಕೇಳಿಸುತ್ತಿತ್ತು. ಗಾರ್ಡ್ ಯೂನಿಫಾರಂನಲ್ಲಿ ಕೂಸಿನ ಮುಂದೆ ಮಂಡಿಯೂರಿದ್ದಾನೆ, ಕೈಯಲ್ಲಿ ಮೊಬೈಲಿನ ಗಡಿಯಾರ. ಓನರಮ್ಮ ಮತ್ತು ನಾಲ್ಕು ರೂಮಿನವರು ಜೊತೆಗೆ ದನಿಗೂಡಿಸಿದ್ದಾರೆ. ಕೂಸು ಆರಾಮಾಗಿ ಹಾಲು ಕುಡಿದು ಮಲಗಿದೆ. ನಾನು ಎಣಿಸಿದೆ, ನಲವತ್ತೆಂಟು. ಹೊಟ್ಟೆ ಮೇಲೆದ್ದರೆ ಒಂದು, ಇಳಿದರೆ ಇನ್ನೊಂದು ಅಂತ ಲೆಕ್ಕ ಹಾಕಿದ್ದ ಪುಣ್ಯಾತ್ಮ.

"ಮೇಲೆ ಬರೋದು, ಕೆಳಗೆ ಹೋಗೋದು ಸೇರಿ ಒಂದೇ ಉಸಿರು ಕಣಪ್ಪಾ."

ಅವನು ಹಣೆ ಒರೆಸಿಕೊಂಡ. "ನಮ್ ಗೇಟಿನಾಗ ಒಳಗ ಬಂದ್ರ ಒಂದು ಎಂಟ್ರಿ, ಹೊರಗ ಹೋದ್ರ ಒಂದು ಎಂಟ್ರಿ ರೀ."

೪. ಹಾಳೆ

ಆರನೇ ದಿನ ಬೆಳಗ್ಗೆ ಮತ್ತೆ ಫೋನ್, ಈ ಸಲ ಅವಳದು. "ಯಕ್ಕಾ, ಕೂಸು ಮಲಗೇ ಅದ ರೀ. ಎದಿ ಹಿಡೀವಲ್ದು."

ಎರಡು ವರ್ಷದ ಹಿಂದಿನ ಮಾತೇ. ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ಓಡಿದೆ. ಅಜ್ಜಿ ಬಾಗಿಲಿಗೆ ಅಡ್ಡ ನಿಂತರೆ ಏನು ಹೇಳಲಿ, ಕಾಲಿಗೆ ಬೀಳಲೇ, ಜಗಳವಾಡಲೇ ಅಂತ ದಾರಿಯುದ್ದಕ್ಕೂ ಅದೇ ಯೋಚನೆ.

ಹೋಗಿ ನೋಡಿದರೆ ಬಾಗಿಲಿಗೆ ಅಡ್ಡ ನಿಂತಿದ್ದವರು ಓನರಮ್ಮ. "ಐದು ದಿನದ ಮಗು! ಗಾಳಿಗೆ ತಗೊಂಡ್ಹೋಗ್ಬೇಡಿ, ಸಂಜೆವರೆಗೆ ನೋಡೋಣ." ಅಜ್ಜಿ ಅವರ ಮೂಗಿನ ಮುಂದೆ ಒಂದು ಹಾಳೆ ಆಡಿಸುತ್ತಿದ್ದರು.

"ನಿನ್ನಿ ಐದೇಶಿಗೆ ತಾಯಿ ಮುಂದ ಇಟ್ಟಿದ್ದೆ. ಇವತ್ತು ತೆಗದು ನೋಡ್ತೀನಿ, ಬರದಾಳ! ಏ ತಮ್ಮಾ, ಓದು ಇನ್ನೊಮ್ಮಿ!"

ಮಗ ಓದಿದ: "ಹಾಲು ಬಿಟ್ಟರೆ... ಮೈ ತಣ್ಣಗಾದರೆ... ಕಾಯಬೇಡಿ, ಹೊರಡಿ."

ನನ್ನದೇ ಹಾಳೆ! ಆ ಹುಡುಗಿ ನನಗೆ ಕೊಟ್ಟದ್ದು ಐದೇಶಿಗೆಂದು ತಂದಿಟ್ಟ ಹಾಳೆ. ಮಗನಿಗೂ ಗೊತ್ತಿತ್ತು, ಅವನೆದುರಿಗೇ ಬರೆದಿದ್ದೆ. ನಾನು ಬಾಯಿ ತೆರೆದೆ. ಸೊಸೆ ನನ್ನನ್ನೇ ನೋಡುತ್ತಾ ಸಣ್ಣಗೆ ತಲೆ ಅಲ್ಲಾಡಿಸಿದಳು. ಬಾಯಿ ಮುಚ್ಚಿದೆ. ನಿಜ ಹೇಳಿ ಕೂಸನ್ನು ಕಳೆದುಕೊಳ್ಳುವುದಕ್ಕಿಂತ ದೇವಿಯ ಹೆಸರಿನಲ್ಲಿ ಕಳ್ಳಿಯಾಗುವುದೇ ಲೇಸು ಅನ್ನಿಸಿತು.

ಓನರಮ್ಮ ದಾರಿ ಬಿಟ್ಟರು. ಕೈಮುಗಿದು ಹಾಳೆಯನ್ನೇ ನೋಡಿದರು. "ದೇವಿಗೆ ನಿಮ್ಮ ಕಡೆ ಭಾಷೆ ಬರಲ್ವಾ? ಬೆಂಗಳೂರು ಕನ್ನಡದಲ್ಲೇ ಬರೆದಿದ್ದಾಳಲ್ಲ!"

೫. ಟಿನ್ ಫ್ಯಾಕ್ಟರಿ

ಆಂಬುಲೆನ್ಸಿಗಿಂತ ಮೊದಲು ಆಟೋ ಸಿಕ್ಕಿತು. ಕೂಸಿನ ಪಾದ ಐಸಿನಂತಿತ್ತು. ತಾಯಿಯ ಮೈಯೇ ಗಡಗಡ ನಡುಗುತ್ತಿತ್ತು. "ಶರ್ಟ್ ಗುಂಡಿ ಬಿಚ್ಚಪ್ಪಾ" ಅಂತ ಗಾರ್ಡಿನ ಬರಿ ಎದೆಗೆ ಕೂಸನ್ನು ಒತ್ತಿ, ಮೇಲೆ ಯೂನಿಫಾರಂ ಮುಚ್ಚಿ, ಅದರ ಮೇಲೆ ಅಜ್ಜಿಯ ಕಂಬಳಿ ಹೊದಿಸಿದೆ. ಡ್ರೈವರ್ ಪಕ್ಕ ಅರ್ಧ ಸೀಟಿನಲ್ಲಿ ನಾನು.

ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಎಲ್ಲ ನಿಂತಿತ್ತು. ಬಸ್ಸು, ಲಾರಿ, ಬೈಕು, ಒಂದೂ ಅಲುಗುತ್ತಿಲ್ಲ. ಅಜ್ಜಿ ಆಟೋದಿಂದ ಇಳಿದೇಬಿಟ್ಟರು. ಟ್ರಾಫಿಕ್ ಪೊಲೀಸಿನವರ ಹತ್ತಿರ ಹೋಗಿ ಹಾಳೆ ಹಿಡಿದರು. ನಾನೂ ಹಿಂದೆ ಓಡಿದೆ. ಅವರು ಹಾಳೆಯನ್ನು ಹಿಂದೆಮುಂದೆ ಮಾಡಿ ಕಷ್ಟಪಟ್ಟು ಓದಿದರು.

"ಯಾರಮ್ಮಾ ಬರೆದಿದ್ದು?"

"ಶೆಟಿವಿ ತಾಯಿ ರೀ."

"ಯಾವ ಆಸ್ಪತ್ರೆ ಡಾಕ್ಟ್ರು ಅವ್ರು?"

"ಯಾವ್ ಆಸ್ಪತ್ರೀನೂ ಅಲ್ರೀ. ಹುಟ್ಟಿದ್ ಕೂಸು ಎಲ್ಲಾ ಆಕೀನೇ ನೋಡ್ತಾಳ."

ಅವರು ಆಟೋದೊಳಗೆ ಬಗ್ಗಿ, ಯೂನಿಫಾರಂ ಗುಂಡಿಗಳ ನಡುವೆ ಕಾಣುತ್ತಿದ್ದ ಒಂದು ಹಿಡಿ ತಲೆ ನೋಡಿದರು. ಮರುಮಾತಾಡದೆ ಸೀಟಿ ಊದುತ್ತಾ ಎರಡು ಬಸ್ಸನ್ನು ಹಿಂದಕ್ಕೆ ಸರಿಸಿದರು. ಆಟೋ ನುಗ್ಗುವಾಗ ಡ್ರೈವರಿಗೆ ಹೇಳಿದರು, "ಬೇಗ ಹೋಗು ಗುರು. ಅಕ್ಷರ ನೋಡಿದ್ರೆ ದೊಡ್ಡ ಡಾಕ್ಟ್ರೇ ಇರ್ಬೇಕು."

೬. ನಲವತ್ತೆರಡನೇ ದಿನ

ರಕ್ತದಲ್ಲಿ ಸೋಂಕು ಅಂದರು. ಹನ್ನೆರಡು ದಿನ ಗಾಜಿನ ಆ ಕಡೆ ಕೂಸು, ಈ ಕಡೆ ಅವರು ಮೂವರು. "ಇವತ್ತು ಸಂಜೆವರೆಗೆ ಬಿಟ್ಟಿದ್ರೆ ಕಷ್ಟ ಇತ್ತು" ಅಂದಿದ್ದರು ಡಾಕ್ಟರಮ್ಮ, ಮೊದಲ ದಿನವೇ. ಆಸ್ಪತ್ರೆಗೆ ಸೇರಿದ ಹದಿಮೂರನೇ ದಿನ ಕೂಸು ಮನೆಗೆ ಬಂತು.

ನಲವತ್ತೆರಡನೇ ದಿನ ನನ್ನ ಕೊನೆಯ ಭೇಟಿ. ಗೇಟಿನಲ್ಲೇ ಅಳು ಕೇಳಿಸಿತು, ವಠಾರ ಕಿತ್ತುಹೋಗುವ ಹಾಗೆ. ಓನರಮ್ಮ ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು, ಆದರೂ ಬಾಯಿ ತುಂಬ ನಗು. ತೂಕ ಮೂರು ಕಿಲೋ ಎಂಟುನೂರು. ಎರಡು ಕಿಲೋ ಅಂತ ಕೂಗಿದೆ.

ಸೊಸೆ ಕೂಸನ್ನು ಹೊರಗೆ ಒಯ್ದ ಮೇಲೆ ನನಗೆ ತಡೆಯಲಾಗಲಿಲ್ಲ. "ಅಜ್ಜೀ, ಒಂದು ತಪ್ಪು ಒಪ್ಕೋಬೇಕು. ಆ ಹಾಳೆ..."

"ನೀ ಬರದಿದ್ದು" ಅಂದರು ಅಜ್ಜಿ, ಎಲೆಗೆ ಸುಣ್ಣ ಸವರುತ್ತಾ.

"ನಿಮಗೆ ಹೇಗೆ ಗೊತ್ತಾಯ್ತು?" ಅಂದೆ.

"ನನಗ ಓದ್ಲಿಕ್ಕ ಬರಲ್ಲ, ಖರೇ. ಕಣ್ಣು ಇಲ್ಲೇನು? ಸೊಸೀದು ಆಸ್ಪತ್ರಿ ತಾಯಿ ಕಾರ್ಡ್ ತುಂಬಾ ನಿಂದೇ ಅಕ್ಷರ ಅವ. ಹಾಳಿ ಬಿಚ್ಚಿದ ಕೂಡ್ಲೇ ಗೊತ್ತಾಯ್ತು."

"ಮತ್ತೆ ದೇವಿ ಬರೆದಳು ಅಂತ ಯಾಕಂದ್ರಿ?"

ಅಜ್ಜಿಯ ಕೈ ನಿಂತಿತು. "ಹ್ವಾದ ಸಲ ನಾನೇ ಅಲ್ಲೇನವ್ವ, ನಾಳಿ ಹೋಗಮು ಅಂದಾಕಿ. ಈ ಸಲ ನಾನೇ ಈಗಿಂದೀಗ ನಡೀರಿ ಅಂದ್ರ, ಆ ಕೂಸಿನ್ನ ಕೊಂದಾಕಿ ನಾನೇ ಅಂತ ನನ್ ಬಾಯಿಂದ್ಲೇ ಹೇಳ್ದಂಗ ಆಗ್ತಿತ್ತು. ಅಷ್ಟು ಧೈರ್ಯ ಇರ್ಲಿಲ್ಲ. ತಾಯಿ ಮ್ಯಾಲ ಹಾಕ್ದೆ. ಆಕಿ ತಡಕೋತಾಳ."

"ನಾನೂ ಅವತ್ತು ಫೋನಿನಲ್ಲಿ..." ಅಂದೆ.

"ಗೊತ್ತದ. ಸೊಸಿ ಹೇಳ್ಯಾಳ, ಅವತ್ತೇ." ನನ್ನ ಕೈ ಹಿಡಿದುಕೊಂಡರು. ಇಬ್ಬರೂ ಅತ್ತೆವು. ಹೊರಗೆ ಕೂಸು ನಮ್ಮಿಬ್ಬರನ್ನೂ ಮೀರಿಸಿ ಅಳುತ್ತಿತ್ತು.

ಕಣ್ಣೊರೆಸಿಕೊಂಡು ಚೀಲ ಹೆಗಲಿಗೇರಿಸಿ ಬಾಗಿಲು ದಾಟುತ್ತಿದ್ದೆ. ಅಜ್ಜಿ ಹಿಂದಿನಿಂದ ಕರೆದರು.

"ಯವ್ವಾ, ಒಂದು ಮಾತು. ಇನ್ ಮ್ಯಾಲ ಯಾರ ಮನ್ಯಾಗರ ಬರದುಕೊಟ್ರ ಜರಾ ದುಂಡಗ ಬರಿ. ಕೋಳಿ ಕೆದರಿದಂಗ ಇದ್ದ ಆ ಅಕ್ಷರ ಹಿಡ್ಕೊಂಡು, ದೇವ್ರು ಬರದಾಳ ಅಂತ ಮಂದೀನ್ನ ನಂಬಿಸೋದ್ರಾಗ ನನಗ ಸಾಕುಸಾಕಾಯ್ತು."