ಚೀನಾದಿಂದ ಬಂದ ಏಳು ಪ್ರಶ್ನೆಗಳು

ನನ್ನ ಮೈದುನನಷ್ಟು ಮರ್ಯಾದಸ್ಥ ಮನುಷ್ಯ ಅರಸೀಕೆರೆ ತಾಲ್ಲೂಕಿನಲ್ಲೇ ಇಲ್ಲ. ನಂಬುವುದಿಲ್ಲವೇ? ಯಾರೂ ಕೇಳದ ಪ್ರಶ್ನೆಗಳಿಗೆ ಕೂತು, ನಂಬರು ಹಾಕಿ, ಇಂಗ್ಲಿಷಿನಲ್ಲಿ ಉತ್ತರ ಕಳಿಸಿದ ಇನ್ನೊಬ್ಬರನ್ನು ನೀವು ಕಂಡಿದ್ದರೆ ಹೇಳಿ!

ಗಂಡಸಿ ರಸ್ತೆಯಲ್ಲಿ ಅವನದೊಂದು ಪುಟ್ಟ ನಾರಿನ ಮಿಲ್ಲು. ತೆಂಗಿನ ನಾರನ್ನು ಹಗ್ಗವಾಗಿ ಹೊಸೆಯುವ ಒಂದು ಚೀನಾ ಮಷೀನು, ಅದರ ಸುತ್ತ ಎಂಟು ಜನ ಹೆಂಗಸರು. ಎಪ್ಪತ್ತು ದಾಟಿದರೂ ಇಸ್ತ್ರಿ ಮಾಡಿದ ಷರಟು ತೊಡದೆ ಅವನು ಮಷೀನಿನ ಸ್ವಿಚ್ ಹಾಕುವುದಿಲ್ಲ.

"ಮಷೀನಿಗೇನು ಗೊತ್ತಾಗುತ್ತಯ್ಯ?"

"ನನಗೆ ಗೊತ್ತಾಗುತ್ತಲ್ಲ ಅತ್ತಿಗೆ."

ಇಂಥವನ ಜತೆ ಆರ್ಗ್ಯೂ ಮಾಡುವುದು ಹೇಗೆ?

ಒಂದು ಬೆಳಿಗ್ಗೆ ಮಷೀನಿನ ಹಲ್ಲಿನ ಚಕ್ರ ಮುರಿದು, ಚೂರೊಂದು ಸಿಡಿದು ಪುಟ್ಟಮ್ಮನ ಬೆರಳಿಗೆ ತಗಲಿತು. ಮೂರು ಹೊಲಿಗೆ. ಬೆರಳಿನ ಗಾಯ ಮಾಯಿತು, ಹೆದರಿಕೆ ಮಾಯಲಿಲ್ಲ. "ಆ ರಾಕ್ಷಸಿ ಹತ್ರ ನಾ ಬರಾಕಿಲ್ಲ ಸ್ವಾಮಿ" ಎಂದು ಮನೆಯಲ್ಲೇ ಕೂತಳು. ಉಳಿದ ಏಳು ಜನ ಇನ್ನೂ ಬುದ್ಧಿವಂತರು. "ಅವಳಿಲ್ದೆ ನಾವೂ ಇಲ್ಲ. ಈ ತಿಂಗಳು ನೋಡ್ತೀವಿ. ಗಾರ್ಮೆಂಟ್ಸ್ ಬಸ್ಸು ಊರ ಬಾಗ್ಲಿಗೇ ಬತ್ತೈತೆ" ಎಂದರು. ಚಕ್ರ ಬರದಿದ್ದರೆ ಮಿಲ್ಲಿಗೆ ಬೀಗ.

ಚಕ್ರದ ಡ್ರಾಯಿಂಗ್ ಸಿಕ್ಕರೆ ಅರಸೀಕೆರೆಯ ಲೇತ್ ವರ್ಕ್‌ಶಾಪಿನವನೇ ಮಾಡಿಕೊಡುತ್ತಾನೆ. ಮಷೀನು ಮಾಡಿದವರಿಗೆ ಈಮೇಲ್ ಹೋಯಿತು. ಬರೆದವಳು ನಾನೇ. ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ಮಿಲ್ಲಿನ ಇಂಗ್ಲಿಷ್ ಡಿಪಾರ್ಟ್‌ಮೆಂಟ್ ಪೂರಾ ನನ್ನದು. ನೀನು ಬ್ಯಾರಿಸ್ಟರ್ ಆಗುತ್ತೀ ಎಂದಿದ್ದರು ನಮ್ಮ ಮದರ್ ಸುಪೀರಿಯರ್. ಆದದ್ದು ನೋಡಿ!

ಅಲ್ಲಿಯ ಬಿಡಿಭಾಗದ ವಿಭಾಗದ ಹೆಣ್ಣುಮಗಳೊಬ್ಬಳು ಮರುದಿನವೇ ಉತ್ತರಿಸಿದಳು: ಡ್ರಾಯಿಂಗ್ ಲಗತ್ತಿಸಿದ್ದೇನೆ, ನೋಡಿ. ನೋಡಿದೆವು. ಮೈದುನನ ಹಳೇ ಕಂಪ್ಯೂಟರಿನಲ್ಲಿ ಆ ಫೈಲಿನ ಹೆಸರಿದ್ದ ಜಾಗದಲ್ಲಿ ಸಾಲಾಗಿ ಏಳು ಪ್ರಶ್ನಾರ್ಥಕ ಚಿಹ್ನೆಗಳು! ಸೇವ್ ಒತ್ತಿದರೆ, ಈ ಹೆಸರು ಸರಿಯಿಲ್ಲ ಎಂದು ಕಂಪ್ಯೂಟರು ಗದರಿತು.

"ಏಳು ಪ್ರಶ್ನೆ ಕೇಳಿದ್ದಾರೆ ಅತ್ತಿಗೆ. ಉತ್ತರ ಕೊಡದೆ ಒಳಗೆ ಬಿಡ್ತಾರಾ? ಟೈಪ್ ಮಾಡಿ. ಒಂದು, ನಾನು ಕ್ಷೇಮ. ಎರಡು, ಮಳೆ ಪರವಾಗಿಲ್ಲ. ಮೂರು, ನನಗೆ ಮದುವೆಯಾಗಿಲ್ಲ."

"ಅದನ್ನ್ಯಾಕೆ ಹೇಳ್ತೀಯೋ!"

"ಕೇಳಿದ್ರೆ?"

ನಾನೂ ನಗುತ್ತಲೇ ಟೈಪ್ ಮಾಡಿದೆ. ಏಳನೆಯ ಉತ್ತರ ಪುಟ್ಟಮ್ಮನದು: ಬೆರಳು ವಾಸಿಯಾಗಿದೆ, ಆದರೆ ಆಕೆ ಮಷೀನಿಗೆ ಹೆದರುತ್ತಾಳೆ. ಡ್ರಾಯಿಂಗ್ ತೆರೆಯುತ್ತಿಲ್ಲ ಎಂಬ ಮುಖ್ಯ ಮಾತನ್ನು ಕೊನೆಯಲ್ಲಿ ನಾನೇ ಸೇರಿಸಿ ಕಳಿಸಿದೆ.

ಎರಡು ದಿನ ಬಿಟ್ಟು ಹಳೆಯ ಫೈಲಿನ ಜತೆ ಇನ್ನೊಂದು ಬಂತು. ಅದಕ್ಕೆ ಹನ್ನೆರಡು ಪ್ರಶ್ನಾರ್ಥಕ ಚಿಹ್ನೆ!

"ನೋಡಿ, ಕುತೂಹಲ ಜಾಸ್ತಿಯಾಗಿದೆ" ಎಂದ ಮೈದುನ.

ನನ್ನ ಲ್ಯಾಪ್‌ಟಾಪಿನಲ್ಲೂ ಫೈಲು ತೆರೆಯಲಿಲ್ಲ, ಆದರೆ ಹೆಸರಿನಲ್ಲಿ ಪ್ರಶ್ನೆಗಳಿಲ್ಲ. ತಲೆಗೆ ಟೋಪಿ, ಕೊರಳಿಗೆ ಬಾಲ ಕಟ್ಟಿಕೊಂಡ ಇಂಗ್ಲಿಷ್ ಅಕ್ಷರಗಳು. ಕಾನ್ವೆಂಟಿನ ಬೆಲ್ಜಿಯಂ ಸಿಸ್ಟರ್ ಬರೆಯುತ್ತಿದ್ದ ಕಾಗದಗಳು ನೆನಪಾಗಿ, "ಇದು ಫ್ರೆಂಚ್" ಎಂದು ಘೋಷಿಸಿದೆ. ಚೀನಾದವಳು ಫ್ರೆಂಚಿನಲ್ಲೇಕೆ ಹೆಸರಿಡುತ್ತಾಳೆ ಎಂದು ಯೋಚಿಸಿದ್ದರೆ ನನ್ನ ವಿದ್ಯೆಗೆ ಅವಮಾನವಲ್ಲವೇ?

ಮೈದುನನಿಗೆ ನಂಬಿಕೆ ಬರಲಿಲ್ಲ. ಅಕ್ಷರ ಗೊತ್ತಾಗದಿದ್ದರೆ ಯಾರ ಬಳಿ ಹೋಗಬೇಕು? ಶಾಸನ ಓದುವವರ ಬಳಿ! ಆ ಹೆಸರನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ನನ್ನನ್ನೂ ಬಸ್ಸು ಹತ್ತಿಸಿ, ಹಳೇಬೀಡಿನ ಒಬ್ಬ ರಿಟೈರ್ಡ್ ಮೇಷ್ಟರ ಮನೆಗೆ ಕರೆದೊಯ್ದ. ಮೇಷ್ಟರು ಭೂತಗನ್ನಡಿ ಹಿಡಿದು ಹತ್ತು ನಿಮಿಷ ನೋಡಿ, ಗಂಭೀರವಾಗಿ ತೀರ್ಪು ಕೊಟ್ಟರು.

"ಹೊಯ್ಸಳರದಂತೂ ಅಲ್ಲ."

ವಿಷಯವೆಲ್ಲ ವಿವರಿಸಿದ ಮೇಲೆ ಅವರು ನಕ್ಕ ನಗುವಿಗೆ ಭೂತಗನ್ನಡಿ ಕೆಳಗೆ ಬಿತ್ತು.

"ಅಮ್ಮಾ, ತಮಿಳು ಶಾಸನವನ್ನ ಕನ್ನಡ ಅಂದ್ಕೊಂಡು ಓದಿದ್ರೆ ಹೀಗೇ ಗೋಜಲಾಗುತ್ತೆ. ಕಲ್ಲು ಕೆಟ್ಟಿರಲ್ಲ, ನಾವು ಓದೋ ಲಿಪಿ ತಪ್ಪಿರುತ್ತೆ. ಅವರ ಕಂಪ್ಯೂಟರ್ ಒಂದು ಲೆಕ್ಕದಲ್ಲಿ ಬರೆದಿದೆ, ನಿಮ್ಮದು ಬೇರೆ ಲೆಕ್ಕದಲ್ಲಿ ಓದ್ತಿದೆ. ಕೆಟ್ಟಿರೋದು ಹೆಸರೊಂದೇ. ಅದನ್ನ ಅಳಿಸಿ, ಬೇರೆ ಹೆಸರು ಕೊಟ್ಟು ತೆಗೀರಿ."

ಮನೆಗೆ ಬಂದು, ಹೆಸರು ಅಳಿಸಿ, 'ವೀಲ್ ಒಂದು', 'ವೀಲ್ ಎರಡು' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಎರಡೂ ತೆರೆದುಕೊಂಡವು! ಮೊದಲನೆಯದು ಚಕ್ರ. ಎರಡನೆಯದು ನಾವು ಕೇಳಿಯೇ ಇರದ ಒಂದು ಕಬ್ಬಿಣದ ಮುಚ್ಚಳ, ಚಕ್ರದ ಮೇಲೆ ಕೂರುವಂಥದ್ದು. ಲೇತಿನವನು ಎರಡನ್ನೂ ಮಾಡಿಕೊಟ್ಟ. ತಿಂಗಳು ಮುಗಿಯಲು ನಾಲ್ಕು ದಿನವಿತ್ತು.

ಪುಟ್ಟಮ್ಮ ಬಂದಳು. ಮುಚ್ಚಳವನ್ನು ಮೊದಲು ಕಡ್ಡಿಯಿಂದ ತಿವಿದಳು, ಆಮೇಲೆ ಬೆರಳಿನಿಂದ. "ಈಗ ಕಚ್ಚಾಕಿಲ್ಲ ಬಿಡಿ" ಎಂದು ತನ್ನ ಜಾಗಕ್ಕೆ ಹೋಗಿ ನಿಂತಳು. ಉಳಿದವರೂ ನಿಂತರು.

ಮುಗಿಯಿತಲ್ಲ ಎಂದುಕೊಂಡರೆ ಮೈದುನನ ಮುಖ ಸಪ್ಪಗಿತ್ತು.

"ಅತ್ತಿಗೆ, ಆ ಚೀನಾದ ಹೆಣ್ಣುಮಗಳು ಇಟ್ಟ ಹೆಸರನ್ನ ಅಳಿಸಿಬಿಟ್ವಲ್ಲ. ಏನಿಟ್ಟಿದ್ದಳು ಅಂತ ಕೇಳಿ."

ಕೇಳಿದೆ. ಅವಳ ಉತ್ತರ ಬಂತು: ಕ್ಷಮಿಸಿ, ನನ್ನ ಗುರುತಿಗೆಂದು ನಮ್ಮ ಭಾಷೆಯಲ್ಲಿ ಹೆಸರಿಡುತ್ತೇನೆ. ಮೊದಲನೆಯದು, ಹಗ್ಗದ ಮಷೀನಿನ ಚಕ್ರ. ಎರಡನೆಯದು, ಹೆದರಿದ ಅಕ್ಕನಿಗೆ ಬೆರಳು ಕಾಯುವ ಮುಚ್ಚಳ.

ಅದನ್ನು ಮಿಲ್ಲಿನಲ್ಲಿ ಕನ್ನಡ ಮಾಡಿ ಓದಿದೆ. ಹೆಂಗಸರೆಲ್ಲ ಮಷೀನು ನಿಲ್ಲಿಸಿ ಕೇಳಿಸಿಕೊಂಡರು. ಪುಟ್ಟಮ್ಮ ತನ್ನ ಬೆರಳನ್ನೇ ನೋಡಿಕೊಂಡು, "ನಂಗೆ ತಂಗೀರೇ ಇರ್ಲಿಲ್ಲ ಕಣ್ರವ್ವ" ಎಂದಳು.

ಮೈದುನ ಆ ಎಂಟು ಜನರನ್ನೂ ಮಷೀನಿನ ಮುಂದೆ ನಿಲ್ಲಿಸಿ ಫೋಟೋ ತೆಗೆದ. ಅದನ್ನು ಚೀನಾಕ್ಕೆ ಕಳಿಸುವಾಗ ನಾನು ಫೈಲಿಗೆ 'ಗ್ರೂಪ್ ಫೋಟೋ' ಎಂದು ಇಂಗ್ಲಿಷಿನಲ್ಲಿ ಹೆಸರು ಕೊಡಹೋದರೆ ತಡೆದು, ಎಂಟು ಹೆಸರುಗಳನ್ನೂ ಕನ್ನಡದಲ್ಲಿ ಟೈಪ್ ಮಾಡಿಸಿದ, ಪುಟ್ಟಮ್ಮನದು ಮೊದಲು.

"ಅವಳಿಗೆ ಬರೀ ಪ್ರಶ್ನೆ ಚಿಹ್ನೆ ಕಾಣುತ್ತೆ ಕಣಯ್ಯ!"

"ಕಾಣಲಿ ಅತ್ತಿಗೆ. ಕೇಳ್ತಾಳೆ. ಒಬ್ಬೊಬ್ಬರ ವಿಷಯಾನೂ ಹೇಳೋಣ."